ಸಿವಿಲ್ ಸ್ಟೇಶನ್ನಿನ ನೆರೆಕರೆ

ವಿದ್ಯಾನಗರದಲ್ಲಿ ಮನೆ ಮಾಡಿಕೊಂಡವರಿಗೆ ಸರಕಾರಿ ಸಂಬಳ ಇಲ್ಲದಿದ್ದರೂ ಸರಕಾರಿ ಕೆಲಸ ತಪ್ಪಿದ್ದಲ್ಲ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಆಮೇಲೆ ಕಲೆಕ್ಟರರ ಕಚೇರಿ, ಅದರ ಹಿಂದೆಯೇ ಇನ್ನಷ್ಟು ಕಚೇರಿಗಳು ಇಲ್ಲಿಗೆ ಬಂದು ಕೂತವು. ಆ ದಾರಿಯ ಬದಿಗೆ ನಿಮ್ಮ ಗೇಟು ಇದ್ದು, ಗೇಟಿನೊಳಗೆ ಪೇಪರು ಓದುವ ನಿವೃತ್ತ ಮಾಷ್ಟ್ರೊಬ್ಬರು ಕಂಡರೆ ಮುಗಿಯಿತು. ಬಸ್ಸಿನಿಂದ ಇಳಿದವರು ಕಂಕುಳಲ್ಲಿ ಕೊಡೆ, ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ದಾಖಲೆ ಹಿಡಿದು ಸೀದಾ ಬರುತ್ತಾರೆ. ಆರ್‌ಟಿಒ ಎಲ್ಲಿ, ಕೋರ್ಟು ಎಲ್ಲಿ, ಜೆರಾಕ್ಸ್ ಎಲ್ಲಿ, ಸಾಹೇಬರು ಉಂಟಾ? ಯಾವ ಸಾಹೇಬರು ಎಂದು ಕೇಳಿದರೆ ಅವರಿಗೆ ಬೇಸರ. ಜೀವಮಾನ ಪೂರ್ತಿ ಮಕ್ಕಳ ಮುಂದೆ ನಿಂತವನು ನಾನು, ಗೊತ್ತಿಲ್ಲ ಎನ್ನುವ ಅಭ್ಯಾಸ ಇಲ್ಲ. ಹಾಗಾಗಿ ‘ಉಂಟು, ಉಂಟು’ ಎಂದು ಒಳಗೆ ಕಳಿಸುತ್ತೇನೆ.

ಒಬ್ಬರು ಮದುವೆ ಕಾಗದ ಹಿಡಿದುಕೊಂಡು ಬಂದು ಹಾಲ್ ಎಲ್ಲಿ ಎಂದು ಕೇಳಿದರು. ಕಾಗದದಲ್ಲಿದ್ದದ್ದು ಬಂಟ್ವಾಳದ ಬಿ.ಸಿ. ರೋಡು, ಅವರು ಇಳಿದದ್ದು ನಮ್ಮ ವಿದ್ಯಾನಗರದ ಬಿ.ಸಿ. ರೋಡಿನಲ್ಲಿ. ಮುಹೂರ್ತ ಹೇಗೂ ಮೀರಿತ್ತು, ನಮ್ಮಲ್ಲಿಯೇ ಊಟ ಹಾಕಿ ಕಳಿಸಿದೆವು. ಉಡುಗೊರೆ ಮಾತ್ರ ಕೊಡದೆ ಹೋದರು.

ಹೆಚ್ಚಿನವರು ಹುಡುಕಿ ಬರುವುದು ನಗರಸಭೆಯನ್ನು. ಅದು ಇಲ್ಲಿಲ್ಲ, ಪೇಟೆಯ ಕಡೆ ಪುಲಿಕುನ್ನಿನಲ್ಲಿ ಉಂಟು ಎಂದರೆ ಕಲೆಕ್ಟರೇಟಿನ ಕಡೆಗೊಮ್ಮೆ ತಿರುಗಿ ನೋಡುತ್ತಾರೆ. “ಇಷ್ಟು ದೊಡ್ಡ ಕಟ್ಟಡ ಉಂಟಲ್ಲ ಮಾಷ್ಟ್ರೇ, ಇದರೊಳಗೆ ಒಂದು ಕೋಣೆ ಸಿಕ್ಕಲಿಲ್ವಾ ಅವರಿಗೆ?” ನ್ಯಾಯವಾದ ಪ್ರಶ್ನೆ. ಕೇಳುವವರಿಗೆ ಸರಕಾರ ಎಂದರೆ ಒಂದೇ. ಸರಕಾರ ಮಾತ್ರ ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ ಒಳಗೊಳಗೇ ಗೋಡೆ ಹಾಕಿಕೊಂಡಿದೆ. ಅದರಲ್ಲೂ ವಿದ್ಯಾನಗರದ ಆಸುಪಾಸಿನಲ್ಲಿ ಕಾಸರಗೋಡು ನಗರಸಭೆ, ಚೆಂಗಳ ಪಂಚಾಯತು, ಮಧೂರು ಪಂಚಾಯತು ಮೂರೂ ಹೆಗಲು ತಾಗಿಸಿ ನಿಂತಿವೆ. ಬೆಳಗಿನ ವಾಕಿಂಗಿನಲ್ಲಿ ನಾನು ಒಂದು ಸ್ಥಳೀಯ ಸಂಸ್ಥೆಯಿಂದ ಹೊರಟು ಇನ್ನೊಂದನ್ನು ದಾಟಿ ಬರುತ್ತೇನೆ. ಬೀದಿನಾಯಿಗಳೂ ಅಷ್ಟೇ. ದೂರು ಕೊಡಲು ಹೋದರೆ ಮೊದಲು ಕೇಳುವುದು, ನಾಯಿ ಎಲ್ಲಿಯದು? ಕಚ್ಚಿದ ಜಾಗ ಎಂದರೆ ಕಾಲೋ ಕೈಯೋ ಎಂದಲ್ಲ, ವಾರ್ಡು ಯಾವುದು ಎಂದು ಅರ್ಥ.

ಮಾಹಿತಿ ಕೊಡುವುದಿಲ್ಲ ಎಂದು ಮಾತ್ರ ಯಾರನ್ನೂ ದೂರುವಂತಿಲ್ಲ. ಮೈಕು ಕಟ್ಟಿದ ಆಟೋ ಬರುತ್ತದೆ. ಬರುವುದು ಸರಿಯಾಗಿ ನನ್ನ ಹೆಂಡತಿ ಗ್ರೈಂಡರಿಗೆ ತೆಂಗಿನಕಾಯಿ ಹಾಕಿದ ಹೊತ್ತಿಗೆ. ತಿರುವಿನಲ್ಲಿ ‘ಮಾನ್ಯ ನಾಗರಿಕರೇ’ ಎಂಬುದು ಸ್ಪಷ್ಟ ಕೇಳಿಸುತ್ತದೆ, ನಮ್ಮ ಗೇಟಿನ ಮುಂದೆ ಗ್ರೈಂಡರಿನ ಸದ್ದು, ಇಳಿಜಾರಿನಲ್ಲಿ ‘ಸಹಕರಿಸಬೇಕಾಗಿ ವಿನಂತಿ’. ಮೇಲಿನ ಮನೆಯವರಿಗೆ ‘ನಾಳೆ’ ಸಿಕ್ಕಿರುತ್ತದೆ, ಕೆಳಗಿನ ಮನೆಯವರಿಗೆ ‘ಸಂಜೆ ಐದರ ತನಕ’. ಮೂರು ಮನೆಯವರು ಬೇಲಿಯ ಹತ್ತಿರ ಸೇರಿ ತುಂಡುಗಳನ್ನು ಜೋಡಿಸುತ್ತೇವೆ. ನಾಳೆ ಸಂಜೆ ಐದರ ತನಕ ಇಲ್ಲದಿರುವುದು ಕರೆಂಟೋ, ನೀರೋ, ರಸ್ತೆಯೋ? ಕೊನೆಗೆ ಮೂರೂ ಇಲ್ಲ ಎಂದುಕೊಂಡು ಸಹಕರಿಸುತ್ತೇವೆ.

ಇದಕ್ಕೆಲ್ಲ ಅಪವಾದ ಹರಿತ ಕರ್ಮಸೇನೆ. ಹಸಿರು ಕೋಟು ತೊಟ್ಟ ಇಬ್ಬರು ಹೆಂಗಸರು ತಿಂಗಳಿಗೊಮ್ಮೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನು ಹಿಡಿಯುತ್ತಾರೆ, ಶುಲ್ಕ ತೆಗೆದುಕೊಂಡು ರಶೀದಿ ಕೊಡುತ್ತಾರೆ. ಆ ರಶೀದಿಯನ್ನು ನನ್ನ ಹೆಂಡತಿ ಆಧಾರಪತ್ರದ ಜೊತೆ ಇಟ್ಟಿದ್ದಾಳೆ. ಯಾವುದಾದರೂ ಅರ್ಜಿ ಕೊಡುವಾಗ ಕೇಳುತ್ತಾರಂತೆ. ಷರತ್ತು ಒಂದೇ: ಪ್ಲಾಸ್ಟಿಕ್ ತೊಳೆದಿರಬೇಕು, ಒಣಗಿರಬೇಕು. ಮಾರ್ಚಿನಲ್ಲಿ ಇದು ದೊಡ್ಡ ಮಾತಲ್ಲ. ಆಟಿ ತಿಂಗಳಲ್ಲಿ ಬಂದು ನೋಡಿ! ಉಟ್ಟ ಬಟ್ಟೆಯೇ ವಾರಗಟ್ಟಲೆ ಒಣಗದೆ ಮುಗ್ಗಲು ವಾಸನೆ ಹೊಡೆಯುವ ಕಾಲದಲ್ಲಿ, ಜಗಲಿಯ ಹಗ್ಗದ ಗಾಳಿ ಬರುವ ತುದಿ ಮಿಲ್ಮಾ ಹಾಲಿನ ತೊಟ್ಟೆಗಳಿಗೆ ಮೀಸಲು. ಮೂಲೆ ಕತ್ತರಿಸಿ, ಒಳಗೆ ಬೆರಳು ಹಾಕಿ ತೊಳೆದು, ಮಗುಚಿ, ಕ್ಲಿಪ್ಪು ಸಿಕ್ಕಿಸಿ ಸಾಲಾಗಿ ನೇತು ಹಾಕುತ್ತಾಳೆ. ನನ್ನ ಪಂಚೆಗೆ ಕ್ಲಿಪ್ಪು ಉಳಿಯುವುದಿಲ್ಲ. ಬಿಸ್ಕತ್ತಿನ ಕವರು, ಉಪ್ಪಿನಕಾಯಿ ಸ್ಯಾಶೆ, ಮಾತ್ರೆಯ ಸ್ಟ್ರಿಪ್ಪು, ಎಲ್ಲವೂ ಸ್ನಾನ ಮುಗಿಸಿ ಕೂತಿರುತ್ತವೆ. “ಟೀಚರ ಮನೆಯ ಪ್ಲಾಸ್ಟಿಕ್ ಎಷ್ಟು ಚಂದ!” ಎಂದು ಆ ಹೆಂಗಸರು ಹೊಗಳಿದ ದಿನ ನಮ್ಮಲ್ಲಿ ಪಾಯಸವಾಗಿತ್ತು. ಪಾಯಸದ ಹಾಲಿನ ತೊಟ್ಟೆಗಳನ್ನು ತೊಳೆದದ್ದು ನಾನು.

ನಾಳೆ ನೀರು ಬರುತ್ತದೋ ಇಲ್ಲವೋ, ಹಳೆ ಚಪ್ಪಲಿ ಯಾವ ತಿಂಗಳು ತೆಗೆದುಕೊಳ್ಳುತ್ತಾರೆ, ಮೆಂಬರು ಯಾರ ಮೇಲೆ ಸಿಟ್ಟಾಗಿದ್ದಾರೆ, ಇವೆಲ್ಲ ಅವರಿಗೆ ಗೊತ್ತು. ಗೇಟಿನ ಹತ್ತಿರ ಎರಡು ನಿಮಿಷದಲ್ಲಿ ಹೇಳಿ ಹೋಗುತ್ತಾರೆ. ಮೈಕಿನ ಆಟೋಕ್ಕೆ ಹಾಕುವ ಪೆಟ್ರೋಲನ್ನು ಉಳಿಸಿ ಅವರಿಗೆ ಒಂದು ಚಾ ಕೊಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ನನ್ನ ಅಭಿಪ್ರಾಯವನ್ನು ಯಾವ ವಾರ್ಡುಸಭೆಯೂ ದಾಖಲಿಸಿಕೊಂಡಿಲ್ಲ.

ಈಗ ಸರಕಾರ ಎಲ್ಲವನ್ನೂ ಫೋನಿನೊಳಗೆ ತುಂಬಿಸಿದೆ. ಕೆ-ಸ್ಮಾರ್ಟ್ ಎಂಬ ವ್ಯವಸ್ಥೆ 2024ರ ಜನವರಿ 1ರಂದು ಕೇರಳದ ನಗರಸಭೆಗಳಲ್ಲಿ, ಮರುವರ್ಷ ಪಂಚಾಯತುಗಳಲ್ಲಿ ಬಂತು. ಹುಟ್ಟು, ಸಾವು, ಮದುವೆ, ಮನೆ ತೆರಿಗೆ ಎಲ್ಲ ಅದರಲ್ಲೇ. ಮದುವೆ ನೋಂದಣಿಗೆ ಗಂಡುಹೆಣ್ಣು ಕಚೇರಿಗೆ ಬರಬೇಕೆಂದಿಲ್ಲ, ವೀಡಿಯೋದಲ್ಲಿ ಮುಖ ತೋರಿಸಿದರೆ ಆಯಿತು. ಗಲ್ಫಿನಲ್ಲಿರುವ ನಮ್ಮ ಹುಡುಗರಿಗೆ ಇದು ದೊಡ್ಡ ಉಪಕಾರ. ಇಷ್ಟೆಲ್ಲ ಆದರೂ ನನ್ನ ಗೇಟಿಗೆ ಬರುವವರು ಕಡಿಮೆಯಾಗಿಲ್ಲ. ಮೊದಲು ಕಚೇರಿ ಎಲ್ಲಿ ಎಂದು ಕೇಳುತ್ತಿದ್ದವರು ಈಗ ಅಕ್ಷಯ ಕೇಂದ್ರ ಎಲ್ಲಿ ಎಂದು ಕೇಳುತ್ತಾರೆ. ಫೋನಿನಲ್ಲಿ ಮಾಡುವ ಕೆಲಸವನ್ನು ಮಾಡಿಕೊಡುವವರು ಬೇಕಲ್ಲ!

ನನಗೆ ಅತ್ಯಂತ ಪ್ರೀತಿಯ ಪ್ರಶ್ನೆ, “ಅರ್ಜಿ ಕನ್ನಡದಲ್ಲಿ ಬರೆದರೆ ಆಗ್ತದಾ?” ಇದನ್ನು ಕೇಳಿದರೆ ಕನ್ನಡಕ ತೆಗೆದು ಒರೆಸಿ, ನೆಟ್ಟಗೆ ಕೂತುಕೊಳ್ಳುತ್ತೇನೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಹಿಡಿದು, ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದದ್ದು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟದ್ದು, ಒಂದನ್ನೂ ಬಿಡದೆ ಹೇಳುತ್ತೇನೆ. ಕೇಳಿದವರು ತಾಳ್ಮೆಯಿಂದ ತಲೆ ಆಡಿಸುತ್ತಾರೆ. “ಅದೆಲ್ಲ ಸರಿ ಮಾಷ್ಟ್ರೇ. ಒಂದು ಪೆನ್ನು ಉಂಟಾ?”

ಕಳೆದ ಬೇಸಗೆಯಲ್ಲಿ ಆದೂರು ಕಡೆಯ ಹಿರಿಯರೊಬ್ಬರು ಬಂದರು. ಮೊಮ್ಮಗನನ್ನು ಶಾಲೆಗೆ ಸೇರಿಸಲು ಜನನ ಪತ್ರ ಬೇಕಿತ್ತು. ಮಗು ಹುಟ್ಟಿದ್ದೆಲ್ಲಿ ಎಂದು ಕೇಳಿದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಎಂದರು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಹುಟ್ಟುವುದು ತಲಪಾಡಿ ಗೇಟು ದಾಟಿದ ಮೇಲೆಯೇ. ಹುಟ್ಟು ಎಲ್ಲಿಯೋ ನೋಂದಣಿಯೂ ಅಲ್ಲಿಯೇ, ಕಾಯ್ದೆ ಹಾಗೆ ಉಂಟು. ಮಂಗಳೂರು ಮಹಾನಗರಪಾಲಿಕೆಯ ದಾಖಲೆಯಲ್ಲಿ ಇರಬೇಕಾದ್ದನ್ನು ಇಲ್ಲಿ ಯಾರೂ ಕೊಡಲಾರರು ಎಂದು ವಿವರಿಸಿದೆ. “ಮಗು ನಮ್ಮದಲ್ವಾ?” ಎಂದರು. ನಿಮ್ಮದೇ. “ರೇಷನ್ ಕಾರ್ಡು ಇಲ್ಲಿಯದಲ್ವಾ?” ಇಲ್ಲಿಯದೇ. “ಮತ್ತೆ?”

ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಅವರು ಚೆಂಬೆತ್ತಿ ಮೊದಲು ಒಂದು ಗುಟುಕು ಮಾತ್ರ ಬಾಯಿಗೆ ಹಾಕಿ, ನಾಲಗೆಯಲ್ಲಿ ತಿರುಗಿಸಿ, ಆಮೇಲೆ ಗಟಗಟ ಕುಡಿದರು. “ಈಗ ಉಪ್ಪಿಲ್ಲ ಅಲ್ವಾ?” ಕಾಸರಗೋಡಿನ ನಳ್ಳಿನೀರನ್ನು ಬಲ್ಲವರ ಕ್ರಮ ಅದು. ಬಾವಿಕ್ಕೆರೆಯಲ್ಲಿ ಪಯಸ್ವಿನಿಗೆ ಶಾಶ್ವತ ತಡೆ ಆಗುವ ಮೊದಲು, ಹೊಳೆ ಬತ್ತಿದೊಡನೆ ಭರತದ ನೀರು ಕಡಲಿನಿಂದ ಮೇಲಕ್ಕೇರಿ ನೇರ ನಮ್ಮ ಪೈಪಿಗೆ ಬರುತ್ತಿತ್ತು. ವರ್ಷವೂ ಮರಳಿನ ಚೀಲ ಪೇರಿಸಿ ಕಟ್ಟುವುದು, ವರ್ಷವೂ ಅದು ಹೋಗುವುದು. ಆ ದಿನಗಳಲ್ಲಿ ನಮ್ಮ ಗಂಜಿಗೆ ಉಪ್ಪು ಬೇಡ, ಚಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ಸಾಲದು. ಇಬ್ಬರೂ ಆ ಕಷ್ಟವನ್ನು ಬಹಳ ಹೊತ್ತು ಸುಖವಾಗಿ ಮಾತಾಡಿದೆವು.

ಅವರು ಎದ್ದು, ಕೊಡೆ ತೆಗೆದುಕೊಂಡು, ಗೇಟಿನ ಹೊರಗೆ ನಿಂತಿದ್ದ ಆಟೋದವನ ಹತ್ತಿರ ಹೋಗಿ ಮೊಮ್ಮಗನ ಕತೆಯನ್ನು ಮೊದಲಿನಿಂದ ಶುರುಮಾಡಿದರು. ಅವನು ಫೋನಿನಿಂದ ತಲೆ ಎತ್ತದೆ, “ಮಂಗ್ಳೂರಿಗೇ ಹೋಗ್ಬೇಕು ಅಜ್ಜ” ಎಂದ. ಹಿರಿಯರು ಅಷ್ಟು ದೂರ ಹಿಂದಕ್ಕೆ ನಡೆದು ಬಂದು, ಗೇಟಿನ ಮೇಲೆ ಕೈಯಿಟ್ಟು ನನ್ನನ್ನು ಕರೆದರು.

“ನೀವು ಹೇಳಿದ್ದು ಸರಿ ಉಂಟು ಮಾಷ್ಟ್ರೇ.”