ಬಾರಪೊಳೆಯೋ, ಕಾಳಿಯೋ?

ಶಿರಾದವರಿಗೆ ನೀರೆಂದರೆ ದೊಡ್ಡಕೆರೆ, ಅದೂ ಹೇಮಾವತಿ ನಾಲೆ ಕೃಪೆ ತೋರಿದರೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹರಿಯುವ ಜಯಮಂಗಲಿ ನದಿಯೇನೋ ಹೌದು; ವರ್ಷದ ಬಹುಪಾಲು ಮರಳೇ ಮರಳು. ಇಂಥ ಸೀಮೆಯ ನಾಲ್ಕು ಗೆಳೆಯರು ಹೋಟೆಲಿನಲ್ಲಿ ಕೂತು ರಾಫ್ಟಿಂಗ್‌ಗೆ ಹೊರಡುವ ತೀರ್ಮಾನ ಮಾಡಿದರೆ, ಈಜು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಮುದ್ದೆ ಸಿಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಎರಡನೆಯದು ಮಳೆ. ದಕ್ಷಿಣ ಕೊಡಗಿನ ಬಾರಪೊಳೆಯಲ್ಲಿ ರಾಫ್ಟು ಇಳಿಯುವುದೇ ಮಳೆಗಾಲದಲ್ಲಿ. ಹೊಳೆ ಉಕ್ಕಿತೋ, ಜಿಲ್ಲಾಡಳಿತ ತಡೆ ಹಾಕುತ್ತದೆ. ಅಂದರೆ ಮಳೆ ಬರಬೇಕು, ಅತಿಯಾಗಬಾರದು. ಇದನ್ನು ವರುಣನಿಗೆ ತಿಳಿಸುವವರು ಯಾರು?

‘ಹಾಗಾದ್ರೆ ದಾಂಡೇಲಿ’ ಎಂದರು ನಾಲ್ವರಲ್ಲೊಬ್ಬರಾದ ಮೇಷ್ಟ್ರು. ಹೆದ್ದಾರಿ 48 ಊರ ಪಕ್ಕದಲ್ಲೇ ಇದೆ. ಧಾರವಾಡದವರೆಗೆ ದಾರಿ ಕೇಳುವ ಕೆಲಸವಿಲ್ಲ.

ಆದರೆ ದಾಂಡೇಲಿಯ ಕಾಳಿ ನದಿಯ ತಕರಾರೇ ಬೇರೆ. ಮಳೆಗಾಲದಲ್ಲಿ ಅಲ್ಲಿ ರಾಫ್ಟಿಂಗ್ ಬಂದ್. ಆಮೇಲೆ ಗಣೇಶಗುಡಿಯಲ್ಲಿ ರಾಫ್ಟು ಕುಣಿಯಬೇಕಾದರೆ ಸೂಪಾ ಜಲಾಶಯದ ನೀರು ಬರಬೇಕು. ನೀರು ಬರುವುದು ಅಲ್ಲಿನ ತಲಾ 50 ಮೆಗಾವಾಟ್‌ನ ಎರಡು ಘಟಕಗಳು ತಿರುಗಿದಾಗ. ಒಟ್ಟಿನಲ್ಲಿ ರಾಫ್ಟು ಓಡುವುದು ನಾಡಿನ ಫ್ಯಾನು, ಮಿಕ್ಸಿಗಳ ದಯೆಯಿಂದ!

ಎಲ್ಲರ ಕಣ್ಣೂ ಪಾವಗಡದ ಗೆಳೆಯನ ಮೇಲೆ ಬಿತ್ತು. ‘ನಿಮ್ಮೂರಿನ 2,050 ಮೆಗಾವಾಟ್ ಸೋಲಾರ್ ಪಾರ್ಕು ಹಗಲೆಲ್ಲ ಕರೆಂಟ್ ಕೊಟ್ರೆ, ಸೂಪಾದೋರು ಯಾಕಪ್ಪ ನೀರು ಬಿಡ್ತಾರೆ?’ ಆತ ಪಾವಗಡಕ್ಕೆ ಮೋಡ ಕವಿಯಲೆಂದು ಅಲ್ಲೇ ಹರಕೆ ಹೊತ್ತ.

ಬಂದ್ ಆದರೆ ಮುಂಗಡ ವಾಪಸ್ ಕೊಡುವವರನ್ನು ಹುಡುಕುವ ಕೆಲಸ ಸದ್ಯಕ್ಕೆ ಮೇಷ್ಟ್ರ ಪಾಲಿಗೆ ಬಿದ್ದಿದೆ.