ತೂಕಡಿಕೆಯ ಮೀಮಾಂಸೆ: ಬಜಪೆಯಿಂದ ಮಣಿಪಾಲದವರೆಗೆ ಒಂದು ಅಂತರ್‌ಶಿಸ್ತೀಯ ಓದು

1. ಆಶಯ, ವ್ಯಾಪ್ತಿ ಮತ್ತು ಪರಿಮಿತಿ

ದೂರದ ವಿಮಾನದಿಂದ ಇಳಿದ ದೇಹವು ಬಾಡಿಗೆ ಕಾರಿನ ಸ್ಟೇರಿಂಗಿನೊಂದಿಗೆ ನಡೆಸುವ ಅನುಸಂಧಾನವನ್ನು ಕರಾವಳಿಯ ಪರಿಪ್ರೇಕ್ಷ್ಯದಲ್ಲಿ ಸಮಸ್ಯೀಕರಿಸುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಾಕ್ಯ ಓದುವಾಗಲೇ ಕಣ್ಣು ಎಳೆದಿದ್ದರೆ ನಮ್ಮ ಮೊದಲ ಪ್ರಮೇಯ ಸಾಬೀತಾಯಿತು. ತೂಕಡಿಕೆಯ ಬಗ್ಗೆ ಅಧಿಕಾರದಿಂದ ಮಾತಾಡುವ ಅರ್ಹತೆ ನನಗೆ ಬಂದದ್ದು ವಿಚಾರ ಸಂಕಿರಣಗಳ ಹಿಂದಿನ ಸಾಲಿನ ಕುರ್ಚಿಗಳಲ್ಲಿ. ‘ನೆಲೆ’, ‘ಚಹರೆ’, ‘ಸಂಕಥನ’, ‘ಯಜಮಾನಿಕೆ’ ಎಂಬ ನಾಲ್ಕು ಮಾತುಗಳನ್ನೇ ಹಿಂದುಮುಂದು ಮಾಡಿ ಊಟದ ಗಂಟೆಯವರೆಗೆ ಎಳೆಯುವ ಮಹನೀಯರನ್ನು ಸಹಿಸಿಕೊಂಡವರಿಗೆ ಮಾತ್ರ ಈ ಶಾಸ್ತ್ರ ಒಲಿಯುತ್ತದೆ.

ಮೊದಲು ಪರಿಭಾಷೆ. ಸ್ಟೇರಿಂಗ್ ಹಿಡಿದವನಿಗೆ ವಿದೇಶವೆಂದರೆ ಯಾವುದು? ಪೂರ್ವಸೂರಿಗಳು ಪಾಸ್‌ಪೋರ್ಟನ್ನು ಆಧರಿಸಿ ಇದನ್ನು ನಿರ್ವಚಿಸಿದ್ದಾರೆ. ಅದನ್ನು ನಾವು ವಿನಯಪೂರ್ವಕವಾಗಿ ನಿರಾಕರಿಸುತ್ತೇವೆ. ಇಂಡಿಕೇಟರಿನ ಕಡ್ಡಿಗೆಂದು ಕೈ ಚಾಚಿದಾಗ ವೈಪರ್ ಏಳುತ್ತದೆಯಾದರೆ ಅದು ವಿದೇಶ. ನ್ಯೂಜೆರ್ಸಿಯಲ್ಲೋ ಅಬುಧಾಬಿಯಲ್ಲೋ ವರ್ಷಾನುಗಟ್ಟಲೆ ರಸ್ತೆಯ ಬಲಬದಿಯಲ್ಲಿ ಓಡಿಸಿದವನಿಗೆ ಇಂಡಿಕೇಟರ್ ಎಡಗೈಯ ಸ್ವತ್ತು. ಅವನು ಊರಿಗೆ ಬಂದು, ಕಟಪಾಡಿಯಲ್ಲಿ ಶಿರ್ವದ ಕಡೆ ತಿರುಗಬೇಕೆಂದು ಎಡಗೈ ಒತ್ತಿದ ಕೂಡಲೇ ಮಾರ್ಚ್ ತಿಂಗಳ ಬಿಸಿಲಿಗೆ ಒಣಗಿದ ಗಾಜಿನ ಮೇಲೆ ವೈಪರ್ ಕೀರ್ ಕೀರ್ ಎಂದು ಓಡಾಡುತ್ತದೆ. ಒಳಗೆ ಕೂತದ್ದು ಯಾರೆಂದು ಹಿಂದಿನ ರಿಕ್ಷಾದವನಿಗೆ ಅಲ್ಲಿಗೇ ಗೊತ್ತಾಗಿ, ಅವನು ಎರಡು ಮಾರು ದೂರ ನಿಲ್ಲುತ್ತಾನೆ. ಹಾಗಾಗಿ ಕಾಪುವಿನಲ್ಲೇ ಹುಟ್ಟಿ ಲೈಟ್‌ಹೌಸಿನ ಬುಡದಲ್ಲೇ ಆಡಿ ಬೆಳೆದವನಿಗೂ ಸ್ಟೇರಿಂಗ್ ಹಿಡಿದಾಗ ಕಾಪು ಪರದೇಶ. ಇದನ್ನು ‘ಸ್ವಸ್ಥಳೀಯ ಪರದೇಶತ್ವ’ ಎಂದು ಕರೆಯೋಣ. ಹೆಸರಿಟ್ಟಾಯಿತಲ್ಲ, ಅರ್ಧ ಸಂಶೋಧನೆ ಮುಗಿದ ಹಾಗೆ.

2. ಆಕರ ಸಾಮಗ್ರಿ: ಫಲಕದ ಬಣ್ಣ ಮತ್ತು ಮೌಖಿಕ ಪರಂಪರೆ

ಬಾಡಿಗೆ ಕಾರು ಎಂಬ ಪಠ್ಯಕ್ಕೆ ಶಾಸ್ತ್ರಾಧಾರವಿದೆ. ಮೋಟಾರು ವಾಹನ ಕಾಯ್ದೆಯ 75ನೇ ಕಲಮಿನ ಕೆಳಗೆ 1989ರಲ್ಲಿ ‘ರೆಂಟ್ ಎ ಕ್ಯಾಬ್’ ಯೋಜನೆ ಬಂತು. ಅದರ ಪ್ರಕಾರ ಈ ದಂಧೆಗೆ ಇಳಿಯುವವರ ಬಳಿ ಕಡಿಮೆಯೆಂದರೆ 50 ಕಾರು ಇರಬೇಕು. ಸ್ವತಃ ಓಡಿಸಲು ಕೊಡುವ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. ಇದು ಶಿಷ್ಟ ಪರಂಪರೆ. ಇದಕ್ಕೆ ಸಮಾನಾಂತರವಾಗಿ ಬಿಳಿ ಬೋರ್ಡಿನ ದೇಸಿ ಪರಂಪರೆಯೊಂದು ನಮ್ಮಲ್ಲಿ ಹುಲುಸಾಗಿ ಬೆಳೆದಿದೆ. ಯಾರದೋ ಭಾವನ ಕಾರು, ಜೊತೆಗೊಂದು ಮಂತ್ರೋಪದೇಶ: “ಪೊಲೀಸ್ರು ಕೇಳಿದ್ರೆ ಫ್ರೆಂಡ್‌ದು ಅಂತ ಹೇಳಿ ಅಣ್ಣ, ಎಂತ ಆಗುದಿಲ್ಲ.” ಆಗುವುದು ಆದಾಗ ವಿಮಾ ಕಂಪೆನಿ ಈ ಮೌಖಿಕ ಪರಂಪರೆಗೆ ಮಾನ್ಯತೆ ಕೊಡುವುದಿಲ್ಲ ಎಂಬುದು ಅಡಿಟಿಪ್ಪಣಿಗೆ ಸೇರಬೇಕಾದ ವಿಷಯ.

ಹಸ್ತಾಂತರದ ವಿಧಿ ನಡೆಯುವುದು ಬಜಪೆ ವಿಮಾನ ನಿಲ್ದಾಣದ ಹೊರಗೆ. ಹುಡುಗ ಮೊಬೈಲ್ ಹಿಡಿದು ಕಾರಿಗೆ ಒಂದು ಸುತ್ತು ಬರುತ್ತಾನೆ. ಬಂಪರಿನ ಗೀರು, ಎಡಗನ್ನಡಿಯ ಮೂಲೆಯ ಬಿರುಕು, ಚಕ್ರದ ರಿಮ್ಮಿನಲ್ಲಿ ಕಲ್ಲು ತರಚಿದ ಗುರುತು, ಎಲ್ಲದರ ವಿಡಿಯೊ. ಡಿಕ್ಕಿ ತೆಗೆದು ಸ್ಟೆಪ್ನಿ ತೋರಿಸುತ್ತಾನೆ. ಪೆಟ್ರೋಲ್ ಎಷ್ಟು ಗೀಟು ಇದೆಯೆಂದು ಮೀಟರಿನ ಫೋಟೊ. ಲೈಸೆನ್ಸು, ಆಧಾರ್, ಡೆಪಾಸಿಟ್ಟು. ಗಾಜು ಒಡೆದರೆ ಇಷ್ಟು, ಮೀನು ಸಾಗಿಸಿ ವಾಸನೆ ಬಂದರೆ ಇಷ್ಟು. ಇಷ್ಟೆಲ್ಲ ಕೇಳಿದವನು “ಅಣ್ಣ, ನೀವು ಮಲಗಿ ಎಷ್ಟು ಹೊತ್ತಾಯಿತು?” ಎಂದು ಮಾತ್ರ ಕೇಳುವುದಿಲ್ಲ. ಕರಾರು ಪತ್ರದಲ್ಲಿ ಆ ಕಾಲಮ್ಮೇ ಇಲ್ಲ.

3. ತೂಕಡಿಕೆಯ ಯುಗವಿಭಾಗ

ಸಾಹಿತ್ಯ ಚರಿತ್ರೆಯ ಮಾದರಿಯಲ್ಲಿ ಇದನ್ನು ಮೂರಾಗಿ ವಿಂಗಡಿಸಬಹುದು.

ಆಕಳಿಕೆಪೂರ್ವ ಯುಗ: ಬಜಪೆಯಿಂದ ಕಾವೂರು ದಾಟಿ ಕೂಳೂರಿನವರೆಗೆ. ಭಾವಗೀತಾತ್ಮಕತೆ ಇದರ ಮುಖ್ಯ ಲಕ್ಷಣ. “ನಮ್ಮ ಊರಿನ ಗಾಳಿಯೇ ಬೇರೆ” ಎಂಬ ಉದ್ಗಾರ ಈ ಹಂತದಲ್ಲಿ ಹೇರಳವಾಗಿ ಸಿಗುತ್ತದೆ.

ಆಕಳಿಕೆ ಯುಗ: ಸುರತ್ಕಲ್‌ನಿಂದ ಹೆಜಮಾಡಿ ಟೋಲಿನವರೆಗೆ. ಇದು ಪ್ರತಿಭಟನೆಯ ಕಾಲ. ಕಿಟಕಿ ಇಳಿಸುವುದು, ಹಾಡಿನ ದನಿ ಏರಿಸುವುದು, ತೊಡೆ ಚಿವುಟಿಕೊಳ್ಳುವುದು. ಪಕ್ಕದ ಸೀಟಿನಿಂದ “ನಿದ್ರೆ ಬರ್ತಾ ಉಂಟಾ?” ಎಂಬ ಪ್ರಶ್ನೆ, ಅದಕ್ಕೆ ಸಿಟ್ಟಿನಿಂದ “ಇಲ್ಲ ಮಾರಾಯ್ತಿ” ಎಂಬ ಉತ್ತರ. ಈ ಸಂವಾದದಲ್ಲಿರುವ ಲಿಂಗ ರಾಜಕಾರಣ ಪ್ರತ್ಯೇಕ ಸಂಶೋಧನೆಗೆ ಅರ್ಹ.

ಆಕಳಿಕೋತ್ತರ ಯುಗ: ಪಡುಬಿದ್ರಿಯ ನಂತರ. ಇಲ್ಲಿ ಆಕಳಿಕೆ ನಿಲ್ಲುತ್ತದೆ. ನಿಂತದ್ದನ್ನು ಎಚ್ಚರವೆಂದು ತಪ್ಪು ತಿಳಿಯುವುದೇ ಈ ಯುಗದ ಅಸ್ಮಿತೆ. ಇಲ್ಲಿಂದ ಎರಡು ಪಂಥಗಳು ಕವಲೊಡೆಯುತ್ತವೆ. ಪಡುಬಿದ್ರಿಯಲ್ಲಿ ಬಲಕ್ಕೆ ತಿರುಗಿ ಬೆಳ್ಮಣ್, ನಿಟ್ಟೆಯ ಮೇಲೆ ಹೋಗುವುದು ಕಾರ್ಕಳ ಪಂಥ. ತಿರುವುಗಳಿಂದಾಗಿ ಇದು ಹೆಚ್ಚು ಪ್ರಯೋಗಶೀಲ. ನೇರ ಉಚ್ಚಿಲ, ಕಾಪು, ಉದ್ಯಾವರ ಎಂದು ಸಾಗುವುದು ಉಡುಪಿ ಪಂಥ. ನೇರ ರಸ್ತೆಯಾದ್ದರಿಂದ ಇದರಲ್ಲಿ ಏಕತಾನತೆಯ ಕಾವ್ಯಮೀಮಾಂಸೆ...

ಸಾಕು. ಉಪಪಂಥಗಳನ್ನು ಇನ್ನೂ ಹೇಳಬೇಕಿತ್ತು, ಬೇಡ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ, 80ರ ವೇಗದಲ್ಲಿ ಕಾರು ಸುಮಾರು 90 ಮೀಟರ್ ಯಾರೂ ಓಡಿಸದೆಯೇ ಹೋಗಿರುತ್ತದೆ. ಆ 90 ಮೀಟರಿನಲ್ಲಿ ಡಿವೈಡರ್ ಒಡೆದು ಮಾಡಿದ ಸಂದಿಯಿಂದ ಸ್ಕೂಟರ್ ದಾಟಿಸುವವರಿದ್ದಾರೆ, ಸರ್ವಿಸ್ ರಸ್ತೆಯಿಲ್ಲವೆಂದು ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವವರಿದ್ದಾರೆ, ಹಿಂದಿನಿಂದ ಟೈಮಿಗೆ ಸರಿಯಾಗಿ ಮುಟ್ಟಬೇಕಾದ ಎಕ್ಸ್‌ಪ್ರೆಸ್ ಬಸ್ಸಿದೆ. ಅವರಿಗೆ ಇವನು ಯಾವ ಯುಗದಲ್ಲಿದ್ದಾನೆ ಎಂದು ಹೇಗೆ ಗೊತ್ತಾಗಬೇಕು?

ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಪರಿಪ್ರೇಕ್ಷ್ಯ ಗಿರಿಪ್ರೇಕ್ಷ್ಯ ಅದರಲ್ಲಿಲ್ಲ. 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಬುದ್ಧಿಯ ಚುರುಕು, ರಕ್ತದಲ್ಲಿ ಶೇ 0.05 ಮದ್ಯಸಾರ ಇದ್ದವರಷ್ಟೇ ಕುಗ್ಗಿರುತ್ತದೆ, 24 ಗಂಟೆಯಾದರೆ ಅದು ಶೇ 0.10ಕ್ಕೆ ಸಮ ಎಂದು ತೋರಿಸಿದರು. ನಮ್ಮ ಕಾನೂನಿನಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಅದನ್ನು ಮೀರಿದರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಸಜೆಗೂ ಅವಕಾಶವಿದೆ. ಒಂದು ಹಗಲು ಒಂದು ರಾತ್ರಿ ನಿದ್ರೆಯಿಲ್ಲದೆ ಬಂದವನು ಈ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು ‘ಕುಡಿದು’ ಕಾರಿನ ಕೀಲಿ ತೆಗೆದುಕೊಳ್ಳುತ್ತಾನೆ. ಊದಿಸಿ ನೋಡಿದರೆ ಮೆಷಿನ್ ಸೊನ್ನೆ ತೋರಿಸುತ್ತದೆ. ಅದರ ಮೇಲೆ ಗಡಿಯಾರದ ಗೊಂದಲ ಬೇರೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಒಂದು ಗಂಟೆಯಾದರೆ ನ್ಯೂಜೆರ್ಸಿಯಿಂದ ಬಂದವನ ಮೈಯೊಳಗೆ ರಾತ್ರಿ ಎರಡೂವರೆ. ಆಗಲೇ ದಾರಿಯಲ್ಲಿನ ಚಿಕ್ಕಮ್ಮನ ಮನೆಯಲ್ಲಿ ಕುಚ್ಚಿಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಬೇಡ ಎನ್ನುವುದು ಹೇಗೆ? ಉಂಡು ಮತ್ತೆ ಸ್ಟೇರಿಂಗ್.

4. (ಈ ಅಧ್ಯಾಯಕ್ಕೆ ಶೀರ್ಷಿಕೆ ಇಟ್ಟಿಲ್ಲ)

ನಿದ್ರೆ ಏನು ಮಾಡುತ್ತದೆ ಎಂದು ಬೇರೆ ಊರಿನವರಿಗೆ ಹೇಳಬೇಕಾಗಬಹುದು, ನಮಗಲ್ಲ. 2010ರ ಮೇ 22ರ ಬೆಳಿಗ್ಗೆ ಆರರ ಹೊತ್ತಿಗೆ ದುಬೈಯಿಂದ ಬಂದ ವಿಮಾನ ಇದೇ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದದ್ದು 166 ಜನ, ಬದುಕಿದ್ದು ಎಂಟು. ಧ್ವನಿಮುದ್ರಣದ ಎರಡು ಗಂಟೆಯಲ್ಲಿ ಹೆಚ್ಚುಹೊತ್ತು ಕ್ಯಾಪ್ಟನ್ ನಿದ್ರೆಯಲ್ಲಿದ್ದರು, ಗೊರಕೆ ಕೇಳಿಸುತ್ತಿತ್ತು ಎಂದು ತನಿಖಾ ವರದಿ ಹೇಳಿತು. ಎದ್ದ ಮೇಲೂ ಬಿಡದ ಮಂಪರು ಅವರ ನಿರ್ಧಾರಶಕ್ತಿಯನ್ನು ಕೆಡಿಸಿರಬಹುದು ಎಂದೂ ಹೇಳಿತು. ಇಳಿಸಬೇಡಿ, ಮತ್ತೆ ಏರಿಸಿ ಎಂದು ಪಕ್ಕದ ಸೀಟಿನ ಸಹಪೈಲಟ್ ಎಚ್ಚರಿಸಿದ್ದರು. ಗುರುತು ಸಿಗದವರನ್ನು ಮಣ್ಣು ಮಾಡಿದ ಜಾಗದ ಸ್ಮಾರಕ ಕೂಳೂರಿನ ಹತ್ತಿರ ಫಲ್ಗುಣಿಯ ದಡದಲ್ಲಿದೆ. ನಮ್ಮ ಬಾಡಿಗೆ ಕಾರು ಹೆದ್ದಾರಿ 66ಕ್ಕೆ ಸೇರುವುದೂ ಕೂಳೂರಿನಲ್ಲೇ.

ಪೈಲಟ್ಟಿಗೆ ಇಷ್ಟು ಗಂಟೆ ವಿಶ್ರಾಂತಿ ಬೇಕೆಂದು ನಿಯಮವಿದೆ. ಲಾರಿ, ಬಸ್ಸಿನ ಚಾಲಕರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವೆಂದು 1961ರಲ್ಲೇ ಕಾಯ್ದೆ ಮಾಡಿದ್ದರು, ಪಾಲಿಸಿದ್ದು ಹಾಗಿರಲಿ. ರಜೆಗೆ ಊರಿಗೆ ಬರುವ ಮಗನಿಗೆ ಯಾವ ನಿಯಮವೂ ಇಲ್ಲ. ಮೊದಲು ಅವನಿಗೆ ಬೇರೆ ಕಾವಲಿತ್ತು. 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾಗುವ ಮುಂಚೆ ಬೊಂಬಾಯಿಯಲ್ಲಿ ಇಳಿದು, ಬಸ್ಸಿನಲ್ಲಿ ಕಾಲು ಚಾಚಿ ಮಲಗಿ, ಪಡುಬಿದ್ರಿಯಲ್ಲಿ ಕಂಡಕ್ಟರ್ ಎಬ್ಬಿಸಿದಾಗ ಏಳುತ್ತಿದ್ದ. ಆಮೇಲೆ ಬಜಪೆಗೆ ಒಂದು ಓಮ್ನಿ ತುಂಬ ಜನ ಎದುರುಗೊಳ್ಳಲು ಬರುತ್ತಿದ್ದರು. ಈಗ ಬರುವವರು ಯಾರು? ಅಣ್ಣ ಟೊರಾಂಟೊದಲ್ಲಿ, ತಂಗಿ ಬೆಂಗಳೂರಿನಲ್ಲಿ. ಮನೆಯಲ್ಲಿ ಎಪ್ಪತ್ತು ದಾಟಿದ ತಂದೆ ತಾಯಿ ಗೇಟಿನ ದೀಪ ಹಾಕಿಕೊಂಡು ಕೂತಿದ್ದಾರೆ. ಗ್ಯಾರೇಜಿನಲ್ಲಿ ಅಪ್ಪ ಓಡಿಸುವುದು ಬಿಟ್ಟ ಕಾರಿನ ಬ್ಯಾಟರಿ ಡೌನ್. ಹತ್ತು ದಿನದ ರಜೆ, ಅದರಲ್ಲಿ ಒಂದು ಮದುವೆ, ಒಂದು ದೈವದ ನೇಮ, ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ತೋರಿಸುವುದು. ಒಂದು ದಿನ ಮಲಗಿ ಕಳೆದರೆ ದುಂದು ಎಂದು ಅವನಿಗೆ ಅನಿಸುತ್ತದೆ. ಅದಕ್ಕೆ ನಗುವುದು ನನ್ನಿಂದ ಆಗುವುದಿಲ್ಲ.

ಆದ್ದರಿಂದ ಉಪಸಂಹಾರದ ಬದಲು ಒಂದು ವಿನಂತಿ. ಇಳಿದ ದಿನ ಸ್ಟೇರಿಂಗ್ ಮುಟ್ಟಬೇಡಿ. ನಿಲ್ದಾಣದಿಂದ ಟ್ಯಾಕ್ಸಿ ಮಾಡಿ. ಬಾಡಿಗೆ ಕಾರು ಬೇಕೇ ಬೇಕೆಂದರೆ, ಒಂದು ರಾತ್ರಿ ಮಲಗಿ ಎದ್ದ ಮೇಲೆ ಮನೆ ಬಾಗಿಲಿಗೆ ತರಿಸಿಕೊಳ್ಳಿ, ಕಪ್ಪು ಬೋರ್ಡಿನದೇ ಕೇಳಿ. ಟ್ಯಾಕ್ಸಿ ಹತ್ತುವ ಮೊದಲು ಡ್ರೈವರಣ್ಣನಿಗೆ ರಾತ್ರಿ ನಿದ್ರೆಯಾಗಿದೆಯಾ ಎಂದು ವಿಚಾರಿಸಿ. ಆಗಿದೆ ಎಂದರೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಮಲಗಿ. ಆಗಿಲ್ಲ ಎಂದರೆ ಬೇರೆ ಟ್ಯಾಕ್ಸಿ ನೋಡಿ.