ಕರ್ಟನ್ ನೋಡಿ ಡಬ್ಬ ಕೊಳ್ಳೋ ಅಳಿಯ

ಪಿಕಪ್ ಕೊಂಡವನಿಗೆ ಕಂತು ಮುಗಿಯೋ ಹೊತ್ತಿಗೆ ಹಿಂದಿನ ತೊಟ್ಟಿ ಖಾಲಿ ಖಾಲಿ ಕಾಣೋಕೆ ಶುರುವಾಗುತ್ತೆ. ಆಂಧ್ರದ ಗಡಿಯಲ್ಲಿರೋ ನಮ್ಮ ಅಗಳಿ ಕಡೆ ಅದನ್ನ ತುಂಬೋಕೆ ಏನು ಬರವೇ? ಹಿಂದೂಪುರಕ್ಕೆ ಹುಣಸೆಹಣ್ಣಿದೆ, ರೇಷ್ಮೆಗೂಡಿದೆ, ಶಿರಾಕ್ಕೆ ಕುರಿ ಇದೆ. ಆದ್ರೆ ನಮ್ಮಕ್ಕನ ಮಗನಿಗೆ ಈಗ ತೊಟ್ಟಿ ಮೇಲೆ ಮನೆಯೇ ಬೇಕಂತೆ. ಅಮೆರಿಕದೋರು ಹಾಸಿಗೆ, ಒಲೆ, ಸಿಂಕು ಎಲ್ಲಾ ಇರೋ ಡಬ್ಬ ಒಂದನ್ನ ಪಿಕಪ್ ಬೆನ್ನಿಗೆ ಕೂರಿಸಿಕೊಂಡು ಊರೂರು ಸುತ್ತೋದನ್ನ ಫೋನಲ್ಲಿ ನೋಡಿಬಿಟ್ಟಿದ್ದಾನೆ. ಬೆಂಗಳೂರಲ್ಲಿ ಯಾರೋ ಅಂಥದ್ದೇ ಒಂದು ಮಾಡಿಸಿ, ಮೋಜು ತೀರಿದ ಮೇಲೆ ಮಾರಾಟಕ್ಕಿಟ್ಟಿದ್ದಾರಂತೆ. "ಮಾವ, ಕಿಟಕಿಗೆ ಕರ್ಟನ್ ಕೂಡ ಹಾಕವ್ರೆ!"

ಅಯ್ಯೋ ಅಳಿಯಂದ್ರೇ, ನಿನ್ನ ತಾತ ಘಾಟಿ ಜಾತ್ರೇಲಿ ಎತ್ತು ಕೊಳ್ಳೋವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲ್ ಒಳಗೆ ಬೆರಳು ಹಿಡಿದು ರೇಟು ಮಾಡ್ತಿದ್ರು. ಕೊಂಬಿನ ಬಣ್ಣಕ್ಕೆ ಅಂತ ಒಂದು ರೂಪಾಯಿ ಜಾಸ್ತಿ ಬಿಚ್ಚಿದೋರಲ್ಲ. ಅವರ ಮೊಮ್ಮಗ ನೀನು ಕರ್ಟನ್‌ಗೆ ಬಿದ್ದೆಯಲ್ಲೋ!

ಡಬ್ಬದ ಫೋಟೋ ಆಮೇಲೆ, ಮೊದಲು ನಿನ್ನ ಗಾಡಿ ಆರ್‌ಸಿ ತೆಗಿ. ಅದರಲ್ಲಿ ಖಾಲಿ ಗಾಡಿ ತೂಕ ಒಂದು, ಲೋಡ್ ಸಮೇತ ಒಟ್ಟು ತೂಕ ಇನ್ನೊಂದು ಬರೆದಿರುತ್ತೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಬರೋದೇ ನಿನ್ನ ಯೋಗ್ಯತೆ. ನಿನ್ನದು ಡಬಲ್ ಕ್ಯಾಬಿನ್ ಬೊಲೆರೊ ಕ್ಯಾಂಪರ್, ಹೆಚ್ಚುಕಮ್ಮಿ ಒಂದು ಟನ್ ಅಂತ ಇಟ್ಕೋ. ಈಗ ಲೆಕ್ಕ ಹಾಕು. ಕಬ್ಬಿಣದ ಆಂಗಲ್‌ಗೆ ಪ್ಲೈವುಡ್ ಹೊಡೆದ ಡಬ್ಬ ಹಗುರ ಅಂದ್ರೂ 500 ಕಿಲೋ. 200 ಲೀಟರ್ ನೀರಿನ ಟ್ಯಾಂಕು, ತುಂಬಿದರೆ 200 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ 30ರ ಹತ್ತಿರ. ಸೀಟಲ್ಲಿ ಕೂರೋ ಐದು ಜನಕ್ಕೆ ತಲಾ 60 ಅಂದ್ರೆ 300. ಆಗಲೇ 1,030 ಆಯ್ತು! ನಿಮ್ಮಮ್ಮನ ರಾಗಿ ಹಿಟ್ಟು, ಉಪ್ಪಿನಕಾಯಿ ಜಾಡಿ ಇನ್ನೂ ಹೊಸಿಲು ದಾಟಿಲ್ಲ. (ಐವರಿಗೂ 60 ಹಿಡಿದದ್ದು ನನ್ನ ದೊಡ್ಡತನ. ನಮ್ಮ ಭಾವ ಒಬ್ಬರೇ ಆ ಲೆಕ್ಕ ಕೆಡಿಸ್ತಾರೆ.)

"ಸ್ಪ್ರಿಂಗ್ ಪಟ್ಟೆ ಒಂದು ಎಕ್ಸ್‌ಟ್ರಾ ಹಾಕಿಸಿದರೆ ಆಯ್ತಲ್ಲ ಮಾವ?" ಅಂದ. ಪಟ್ಟೆ ಹಾಕಿಸಿದರೆ ಗಾಡಿ ಕುಸಿದಿದ್ದು ಕಾಣಲ್ಲ, ಅಷ್ಟೇ. ಆಕ್ಸಲ್ಲು, ಬ್ರೇಕು, ಟೈರು ಹಳೇವೇ ಅಲ್ವಾ? ಟೈರಿನ ಮಗ್ಗುಲಲ್ಲಿ ಅಳತೆಯ ಪಕ್ಕ ಒಂದು ನಂಬರು ಇರುತ್ತೆ, ಬಗ್ಗಿ ಓದು. 100 ಅಂತಿದ್ದರೆ ಆ ಟೈರು 800 ಕಿಲೋ ಹೊರುತ್ತೆ, ಮುಗೀತು.

ಮಾರೋನು ಹೇಳೋ ತೂಕ ನಂಬೋಕೇ ಹೋಗಬೇಡ. ಗಾಡಿ ಖಾಲಿ ಇದ್ದಾಗ ವೇಬ್ರಿಡ್ಜ್ ಹತ್ತಿಸು, ಡಬ್ಬ ಇಟ್ಟು ನೀರು ತುಂಬಿಸಿ ಇನ್ನೊಂದು ಸಲ ಹತ್ತಿಸು. ಹುಣಸೆಹಣ್ಣು ಕೊಡುವಾಗ ನೂರು ಗ್ರಾಂಗೆ ಜಗಳ ಆಡೋ ಬಾಯಿ ಡಬ್ಬ ಕೊಳ್ಳುವಾಗ ಯಾಕೆ ಮುಚ್ಚಿಕೊಳ್ಳುತ್ತೋ!

ಇನ್ನು ಉದ್ದ. ಬೆಂಗಳೂರಿನ ಡಬ್ಬ ಸಿಂಗಲ್ ಕ್ಯಾಬಿನ್ ಪಿಕಪ್‌ಗೆ ಮಾಡಿಸಿದ್ದು, ಒಂಬತ್ತಡಿ ತೊಟ್ಟಿಯದ್ದು. ನಿನ್ನ ತೊಟ್ಟಿ ಐದಡಿ ಆಸುಪಾಸು. ಮಿಕ್ಕಿದ್ದು ಹಿಂದಕ್ಕೆ ನೇತಾಡುತ್ತೆ. ಭಾರದ ಮಧ್ಯ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದಿರಬೇಕು. ಹಿಂದೆ ಸರಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ನಿನ್ನ ಮಾತು ಕೇಳಲ್ಲ. ಎತ್ತರಾನೂ ನೋಡು: ರಸ್ತೆ ಬದಿ ಹುಣಸೆಕೊಂಬೆ ನಿನ್ನ ಕರ್ಟನ್ ಲೆಕ್ಕಕ್ಕಿಡಲ್ಲ.

ಹಳೇ ಡಬ್ಬ ಅಂದ್ಮೇಲೆ ಒಳಗೆ ಹೋದ ಕೂಡಲೇ ಹಾಸಿಗೆ ಮೇಲೆ ಉರುಳಬೇಡ. ಮೊದಲು ಮೂಸಿ ನೋಡು, ಬೂಷ್ಟಿನ ವಾಸನೆ ಬಂದರೆ ಎಲ್ಲೋ ಸೋರುತ್ತೆ. ಮೂಲೆಗಳಲ್ಲಿ, ಕಿಟಕಿ ಕೆಳಗೆ ಪ್ಲೈವುಡ್ಡನ್ನ ಹೆಬ್ಬೆಟ್ಟಲ್ಲಿ ಒತ್ತು, ಮೆತ್ತಗಿದ್ದರೆ ಕೊಳೆತಿದೆ. ಹೊಸ ವಾಲ್‌ಪೇಪರ್ ಇದ್ದರೆ ಇನ್ನೂ ಜೋರಾಗಿ ಒತ್ತು. ನಮ್ಮ ಕಡೆ ಮಳೆ ಕಮ್ಮಿ, ಸೋರಿದರೇನು ಅಂತೀಯಾ? ಡಬ್ಬ ಇರೋದು ಬೆಂಗಳೂರಲ್ಲಿ, ಮಾರಾಯ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ರೂಪ ಬದಲಾಯಿಸೋ ಹಾಗಿಲ್ಲ. ಬೆಸುಗೆ ಹಾಕಿಸೋ ಮುಂಚೆ ಆರ್‌ಟಿಓ ಆಫೀಸಲ್ಲಿ ಕೇಳು. ಗಾಡಿ ಓಡುವಾಗ ಡಬ್ಬದೊಳಗೆ ಯಾರನ್ನೂ ಮಲಗಿಸಬೇಡ. ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸ್‌ನೋರು ಮೊದಲು ಕೇಳೋದೇ ಅದನ್ನ. ಡಬ್ಬ ಕೂತಿರೋ ಬೇರೆ ಗಾಡೀನೇ ತುಮಕೂರು ಕಡೆಯಿಂದ ತರ್ತೀಯಾ ಅಂದ್ರೆ ಬೇರೆ ತಾಪತ್ರಯ: ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ, ಇಲ್ಲಿ ಹೊಸ ನಂಬರು. ನಮ್ಮ ಭಾಷೆ ಕನ್ನಡ ಆದರೂ ನಂಬರ್ ಪ್ಲೇಟು ಆಂಧ್ರದ್ದೇ. 2022ರಲ್ಲಿ ನಮಗೆ ಅನಂತಪುರ ಹೋಗಿ ಶ್ರೀ ಸತ್ಯಸಾಯಿ ಜಿಲ್ಲೆ ಬಂತು, ಗಡಿ ಮಾತ್ರ ಇದ್ದಲ್ಲೇ ಇದೆ.

ಇಷ್ಟು ಹೇಳಿ ಮಾರೋನಿಗೆ ಫೋನ್ ಹಚ್ಚಿಸಿದೆ. "ತೂಕ ಎಷ್ಟು ಕೇಳು" ಅಂದೆ. ಸ್ಪೀಕರಲ್ಲಿ ಉತ್ತರ ಬಂತು: "ಏಳು ಜನ ಆರಾಮಾಗಿ ಮಲಗಬೋದು ಸಾರ್!" ಅಳಿಯನ ಮುಖ ಊರಗಲ ಆಯ್ತು. ಒಳಗಿಂದ ನಮ್ಮಕ್ಕ ಕೂಗಿದಳು, "ಏಳು ಜನಾನೂ ಬೆಳಿಗ್ಗೆ ಎದ್ದು ಚೆಂಬು ಹಿಡ್ಕೊಂಡು ಎಲ್ಲಿಗೆ ಹೋಗಬೇಕಂತೆ, ಕೇಳೋ!"

ಅದನ್ನೂ ಕೇಳಿದ. ಅದಕ್ಕೆ ಬೇರೆ ರೇಟಂತೆ.